ಅಪ್ಪ ಬರೆದ ಗಡಿಯಾರ: ಒಂದು ಮೆಮೊರಿ ಕ್ಲಿನಿಕ್ ಅನುಭವ

ಸ್ಟ್ರೋಕ್ ಆಗಿ ಎಂಟು ತಿಂಗಳಿಗೆ ಅಪ್ಪನ ಕೈಕಾಲು ಸರಿಹೋಗಿತ್ತು. ಆದರೆ ಮಾತ್ರೆಯ ಲೆಕ್ಕ ತಪ್ಪುತ್ತಿತ್ತು, ಬಿಲ್ ಕಟ್ಟಲು ಕೂತರೆ ಗೊಂದಲ. 'ವಯಸ್ಸಾಯ್ತಲ್ವಾ' ಅಂತ ನಾವೂ ಸುಮ್ನೆ ಇದ್ದೆವು. ಕೊನೆಗೆ ಮರೆವು, ಗೊಂದಲದಂಥ ತೊಂದರೆ ಪರೀಕ್ಷಿಸುವ ಮೆಮೊರಿ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ.

ಮೊದಲು 30 ಅಂಕದ ಪರೀಕ್ಷೆ. ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದರು. ಅಪ್ಪ ವೃತ್ತ ಚೆನ್ನಾಗಿಯೇ ಬರೆದರು. ಮುಳ್ಳುಗಳನ್ನು ಮಾತ್ರ ಹತ್ತು ಮತ್ತು ಹನ್ನೊಂದರ ಮೇಲೆ ನಿಲ್ಲಿಸಿದರು. ಪರೀಕ್ಷೆ ಮಾಡುತ್ತಿದ್ದವರು 'ತಪ್ಪು' ಅನ್ನಲಿಲ್ಲ, ಆತುರಪಡಿಸಲಿಲ್ಲ. ಅಷ್ಟಕ್ಕೇ ಅವರಿಗೆ ನನ್ನ ಪೂರ್ತಿ ಅಂಕ.

ಡಾಕ್ಟರ್ ಎಂಆರ್‌ಐ ತೋರಿಸುತ್ತಾ ನಿಧಾನವಾಗಿ ವಿವರಿಸಿದರು. ನಮಗೆ ಗೊತ್ತಿದ್ದ ಸ್ಟ್ರೋಕ್ ಒಂದು. ಜೊತೆಗೆ ಗೊತ್ತೇ ಆಗದೆ ಆಗಿಹೋದ ಪುಟ್ಟವು ಮೂರು! ಅಲ್ಲಲ್ಲಿ ಬೆಳ್ಳನೆ ಮಚ್ಚೆ. ವರ್ಷಗಟ್ಟಲೆ ಬಿಪಿ ಜಾಸ್ತಿಯಿದ್ದು ಸಣ್ಣ ರಕ್ತನಾಳಗಳು ಹಾಳಾದ ಗುರುತಂತೆ ಅದು. ಇಂಥದ್ದರಲ್ಲಿ ಎಷ್ಟೋ ಸಲ ಮರೆವಿಗಿಂತ ಮೊದಲು ಯೋಚನೆಯ ವೇಗ, ಲೆಕ್ಕಾಚಾರ ಕುಸಿಯುತ್ತವೆ. ಮರೆವಿನ ಕಾಯಿಲೆಯಾದ ಅಲ್ಜೈಮರ್ಸ್ ಕೂಡ ಜೊತೆಗಿರಬಹುದು, ಎರಡೂ ಇರುವುದು ಅಪರೂಪವಲ್ಲ ಅಂದರು. ಹೋದದ್ದು ವಾಪಸ್ ತರುವ ಮಾತ್ರೆ ಇಲ್ಲ, ಮುಂದಿನ ಸ್ಟ್ರೋಕ್ ತಡೆಯುವುದೇ ಮುಖ್ಯ ಕೆಲಸ ಅಂತ ನೇರವಾಗಿಯೇ ಹೇಳಿದರು.

ಬೇಜಾರಾಗಿದ್ದು ಎರಡು ವಿಷಯಕ್ಕೆ. ಅಪಾಯಿಂಟ್‌ಮೆಂಟ್ ಇದ್ದೂ ಎರಡು ಗಂಟೆ ಕಾಯಿಸಿದರು. ದಣಿದವರ ಅಂಕ ಇಳಿಯುವುದಿಲ್ಲವೇ? ಕಿವಿಯ ಮೆಷಿನ್ ತನ್ನಿ ಅಂತಲೂ ಮೊದಲೇ ಹೇಳಿರಲಿಲ್ಲ. ಅಪ್ಪ ಅರ್ಧ ಪ್ರಶ್ನೆ ನನ್ನ ಮುಖ ನೋಡಿಯೇ ಊಹಿಸಿದರು.

ಆರು ತಿಂಗಳ ನಂತರ ಮತ್ತೆ ಹೋಗಬೇಕು. ಈ ಸಲ ಬೆಳಗಿನ ಮೊದಲ ಅಪಾಯಿಂಟ್‌ಮೆಂಟ್ ಕೇಳಿದ್ದೇನೆ.