ಲ್ಯಾಟನೊಪ್ರೋಸ್ಟ್ ಕಣ್ಣಿನ ಹನಿ: ನಾಲ್ಕು ವರ್ಷ ಬಳಸಿದ ಮೇಲೆ

ತಲೆನೋವಿನ ಮಾತ್ರೆ ನುಂಗಿದರೆ ಅದು ಕೆಲಸ ಮಾಡಿತೋ ಇಲ್ಲವೋ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಹೆಚ್ಚಾಗಿ ಕಣ್ಣೊಳಗಿನ ಒತ್ತಡದಿಂದ ದೃಷ್ಟಿನರ ನಿಧಾನವಾಗಿ ಹಾಳಾಗುವ ಗ್ಲಾಕೋಮಾ ಕಾಯಿಲೆಗೆ ಕೊಡುವ ಈ ಹನಿಯಲ್ಲಿ ಅಂಥದ್ದೇನೂ ತಿಳಿಯುವುದಿಲ್ಲ. ನೋಟ ಚುರುಕಾಗುವುದಿಲ್ಲ, ನೋವು ಕಡಿಮೆಯಾಗಲು ಮೊದಲು ನೋವೇ ಇರುವುದಿಲ್ಲ. ಅನುಭವಕ್ಕೆ ಬರುವುದು ಸ್ವಲ್ಪ ಉರಿ, ಸ್ವಲ್ಪ ಕೆಂಪು, ತಿಂಗಳು ತಿಂಗಳು ಖರ್ಚು. ಅದಕ್ಕೇ ಬಹಳ ಜನ ಕೆಲವು ತಿಂಗಳು ಹಾಕಿಕೊಂಡು ನಿಲ್ಲಿಸಿಬಿಡುತ್ತಾರೆ. ನಾನು ನಾಲ್ಕು ವರ್ಷಕ್ಕೂ ಮೇಲಿನಿಂದ ಎರಡೂ ಕಣ್ಣಿಗೆ ರಾತ್ರಿ ಒಂದೊಂದು ಹನಿ ಹಾಕಿಕೊಳ್ಳುತ್ತಿದ್ದೇನೆ. ಈಗಷ್ಟೇ ಚೀಟಿ ಬರೆಸಿಕೊಂಡು ಬಂದವರು ನಿಲ್ಲಿಸದಿರಲಿ ಎಂಬ ಒಂದೇ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನನಗೆ ಗ್ಲಾಕೋಮಾ ಇರುವುದು ಗೊತ್ತಾದದ್ದು ಚಾಳೀಸಿನ ನಂಬರ್ ನೋಡಿಸಲು ಹೋದಾಗ. ಆಗ ನನಗೆ ನಲವತ್ತಾರು. ಬ್ಯಾಂಕಿನಲ್ಲಿ ಕೆಲಸ, ಸಣ್ಣ ಅಕ್ಷರ ಮಸುಕಾಗುತ್ತಿತ್ತು, ಅಷ್ಟೇ ದೂರು. ಡಾಕ್ಟರು ಹಳದಿ ಬಣ್ಣದ ಹನಿ ಹಾಕಿ, ನೀಲಿ ಬೆಳಕಿನ ಯಂತ್ರವನ್ನು ಕಣ್ಣಿಗೆ ತಾಗಿಸಿ ಒತ್ತಡ ನೋಡಿದರು. ಬಲಗಣ್ಣಿನಲ್ಲಿ 26, ಎಡಗಣ್ಣಿನಲ್ಲಿ 24. ಸಾಮಾನ್ಯವಾಗಿ 10ರಿಂದ 21ರ ಒಳಗಿರುತ್ತದಂತೆ. ಆಮೇಲೆ ದೃಷ್ಟಿನರ ಪರೀಕ್ಷಿಸಿ, ಸುತ್ತಲಿನ ನೋಟ ಅಳೆಯುವ ಫೀಲ್ಡ್ ಟೆಸ್ಟ್, ನರದ ಪದರ ಅಳೆಯುವ ಓಸಿಟಿ ಸ್ಕ್ಯಾನ್, ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾದ ದಪ್ಪದ ಅಳತೆ ಎಲ್ಲ ಮಾಡಿಸಿದರು. ಬಲಗಣ್ಣಿನಲ್ಲಿ ಮೂಗಿನ ಕಡೆಯ ಮೇಲ್ಭಾಗದ ನೋಟ ಆಗಲೇ ಸವೆದಿತ್ತು.

ಆ ರಾತ್ರಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ತಾರೀಖು, ತಿಥಿ, ಕೆಳಗಿನ ಜಾಹೀರಾತಿನ ಫೋನ್ ನಂಬರ್ ಕೂಡ ಕಾಣುತ್ತಿತ್ತು. ಏನೂ ಕಡಿಮೆಯಾಗಿಲ್ಲ ಅನ್ನಿಸಿದ್ದರಿಂದಲೇ ಹೆದರಿಕೆ ಹೆಚ್ಚಾಯಿತು. ಎರಡೂ ಕಣ್ಣು ತೆರೆದಿರುವಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ಒಂದೇ ಕಣ್ಣಲ್ಲಿ ನೋಡಿದರೂ ಖಾಲಿ ಜಾಗವನ್ನು ಮೆದುಳು ಸುತ್ತಲಿನ ದೃಶ್ಯದಿಂದ ತುಂಬಿಕೊಳ್ಳುತ್ತದೆ. ತಮಿಳುನಾಡಿನಲ್ಲಿ ನಡೆದ ದೊಡ್ಡ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಇದ್ದವರ ಪೈಕಿ ಶೇ 90ಕ್ಕೂ ಹೆಚ್ಚು ಜನರಿಗೆ ತಮಗೆ ಅದಿದೆ ಎಂದೇ ತಿಳಿದಿರಲಿಲ್ಲ. ನಾನೂ ಅದೇ ಗುಂಪಿನವಳು.

ಡಾಕ್ಟರು ಹೇಳಿದ್ದು ಇಷ್ಟೇ: "ಹೋಗಿರೋದು ವಾಪಸ್ ಬರಲ್ಲ ಮೇಡಂ. ಇರೋದನ್ನ ಉಳಿಸ್ಕೊಳ್ಳೋಣ. ಒಂದು ರಾತ್ರೀನೂ ತಪ್ಪಿಸ್ಬೇಡಿ."

ಇನ್ನು ಔಷಧಿಯ ವಿಷಯ. ದೇಹದಲ್ಲೇ ಇರುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ಹೋಲುವ ಗುಂಪಿನ ಔಷಧಿ ಇದು, ಸಾಮರ್ಥ್ಯ ಶೇ 0.005, ಬಾಟಲಿ ಕೇವಲ 2.5 ಮಿಲಿ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಸಂಶೋಧನೆ ಮಾಡಿದ ಲಾಸ್ಲೊ ಬಿಟೊ ಅವರ ಕೆಲಸ ಇದರ ಬುನಾದಿ. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಕಣ್ಣೊಳಗಿನ ದ್ರವ ಹೊರಗೆ ಹರಿದುಹೋಗುವ ಎರಡನೇ ದಾರಿಯನ್ನು ಇದು ಸಲೀಸು ಮಾಡುತ್ತದೆ, ಅದರಿಂದ ಒತ್ತಡ ಇಳಿಯುತ್ತದೆ. ನನ್ನದು ಮೊದಲ ತಪಾಸಣೆಗೇ 18ಕ್ಕೆ ಬಂತು, ಅಂದಿನಿಂದ 16–18ರ ನಡುವೆ ನಿಂತಿದೆ. ಒತ್ತಡ ಇಳಿದರೆ ನೋಟ ಉಳಿಯುತ್ತದೆಯೇ ಎಂದು ಕೇಳಬಹುದು. ಬ್ರಿಟನ್ನಿನಲ್ಲಿ ಅರ್ಧ ಜನರಿಗೆ ಈ ಹನಿ, ಇನ್ನರ್ಧ ಜನರಿಗೆ ಔಷಧಿಯಿಲ್ಲದ ಹನಿ ಕೊಟ್ಟು ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಎರಡು ವರ್ಷದಲ್ಲಿ ನೋಟ ಮತ್ತಷ್ಟು ಕುಗ್ಗಿದ್ದು ಔಷಧಿ ಇಲ್ಲದವರಲ್ಲಿ ಶೇ 25.6 ಜನರಿಗೆ, ಹಾಕಿಕೊಂಡವರಲ್ಲಿ ಶೇ 15.2 ಜನರಿಗೆ. ಪೂರ್ತಿ ರಕ್ಷಣೆ ಅಲ್ಲ, ಆದರೆ ದೊಡ್ಡ ವ್ಯತ್ಯಾಸ. ಬೇಜಾರಾದಾಗ ನಾನು ನೆನಪು ಮಾಡಿಕೊಳ್ಳುವುದು ಈ ಎರಡು ಅಂಕಿಗಳನ್ನೇ.

ಹನಿ ಹಾಕಿಕೊಳ್ಳುವ ಕ್ರಮವನ್ನು ಯಾರಾದರೂ ಕೂತು ತೋರಿಸಿಕೊಡಬೇಕು. ನಮ್ಮ ಆಸ್ಪತ್ರೆಯ ಸಿಸ್ಟರ್ ಒಬ್ಬರು ತೋರಿಸಿದ್ದನ್ನೇ ಇವತ್ತಿಗೂ ಮಾಡುತ್ತೇನೆ. ಕೈ ತೊಳೆದು ಮಲಗಿಕೊಳ್ಳಬೇಕು. ಕೆಳರೆಪ್ಪೆಯನ್ನು ತೋರುಬೆರಳಿನಿಂದ ಮೆಲ್ಲಗೆ ಕೆಳಗೆಳೆದರೆ ಒಂದು ಸಣ್ಣ ಜೋಳಿಗೆಯಾಗುತ್ತದೆ, ಹನಿ ಬೀಳಬೇಕಾದ್ದು ಅದರೊಳಕ್ಕೆ. ಬಾಟಲಿಯ ತುದಿ ರೆಪ್ಪೆಗಾಗಲಿ ಕೂದಲಿಗಾಗಲಿ ತಾಗಬಾರದು. ಬಿದ್ದ ಮೇಲೆ ಕಣ್ಣು ಪಿಳಿಪಿಳಿ ಮಾಡದೆ ಸುಮ್ಮನೆ ಮುಚ್ಚಿ, ಮೂಗಿನ ಪಕ್ಕದ ಕಣ್ಣಂಚನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಔಷಧಿ ಮೂಗು, ಗಂಟಲಿಗೆ ಇಳಿಯದೆ ಕಣ್ಣಿನಲ್ಲೇ ನಿಲ್ಲುತ್ತದೆ. ಎರಡು ಹನಿ ಬಿದ್ದರೆ ಲಾಭ ದುಪ್ಪಟ್ಟಾಗುವುದಿಲ್ಲ, ಕೆನ್ನೆಗೆ ಹರಿದು ಹೋಗುತ್ತದೆ. ದಿನಕ್ಕೆ ಎರಡು ಸಲ ಹಾಕಿದರೆ ಪರಿಣಾಮ ಕಡಿಮೆಯೇ ಆಗಬಹುದು. ಬೇರೆ ಹನಿಯೂ ಇದ್ದರೆ ನಡುವೆ ಐದು ನಿಮಿಷವಾದರೂ ಬಿಡಬೇಕು.

ನನಗೆ ನಿಜವಾದ ತಕರಾರು ಇರುವುದು ಬಾಟಲಿಯ ಮೇಲೆ. ಪ್ಲಾಸ್ಟಿಕ್ ಗಟ್ಟಿ, ಬೆರಳಲ್ಲಿ ಬಲ ಬೇಕು. ನನ್ನ ಅಮ್ಮನಂತೆ ಗಂಟುನೋವು ಇರುವ ವಯಸ್ಸಾದವರು ಇದನ್ನು ಒಬ್ಬರೇ ಒತ್ತಿ ಒಂದೇ ಹನಿ ಬೀಳಿಸುವುದು ದುಸ್ತರ. ಒಳಗೆ ಎಷ್ಟು ಉಳಿದಿದೆ ಎಂದು ಕಾಣುವುದಿಲ್ಲ. ಸರಿಯಾಗಿ ಬಳಸಿದರೆ ಎರಡು ಕಣ್ಣಿಗೆ ಒಂದು ತಿಂಗಳು ಬರುತ್ತದೆ, ಕೈತಪ್ಪಿ ಬಿದ್ದ ಹನಿಗೆ ಹೆಚ್ಚು ಅವಕಾಶವಿಲ್ಲ. ತೆರೆದ ದಿನಾಂಕವನ್ನು ನಾನು ಡಬ್ಬಿಯ ಮೇಲೆ ಪೆನ್ನಿನಿಂದ ಬರೆದಿಡುತ್ತೇನೆ, ಏಕೆಂದರೆ ತೆರೆದ ಬಾಟಲಿ ನಾಲ್ಕರಿಂದ ಆರು ವಾರವಷ್ಟೇ ಬಳಕೆಗೆ ಯೋಗ್ಯ.

ತಂಪಿನ ವಿಚಾರ ಇನ್ನೂ ಮುಖ್ಯ. ಸಾಮಾನ್ಯ ಲ್ಯಾಟನೊಪ್ರೋಸ್ಟನ್ನು ತೆರೆಯುವವರೆಗೆ 2–8 ಡಿಗ್ರಿಯಲ್ಲಿ ಇಡಬೇಕು; ತೆರೆದ ಮೇಲೆ 25 ಡಿಗ್ರಿವರೆಗೆ ಹೊರಗಿದ್ದರೆ ಪರವಾಗಿಲ್ಲ. ಒಮ್ಮೆ ಏಪ್ರಿಲ್ ಬಿಸಿಲಿನಲ್ಲಿ ಒಂದು ಔಷಧಿ ಅಂಗಡಿಯವರು ಫ್ರಿಜ್ ಇದ್ದೂ, ಬಾಗಿಲ ಬಳಿಯ ಶೆಲ್ಫಿನಿಂದ ಬಾಟಲಿ ತೆಗೆದುಕೊಟ್ಟರು. ಲೇಬಲ್ ಓದಿ ತೋರಿಸಿದರೆ, "ಏನೂ ಆಗಲ್ಲ ಮೇಡಂ, ಎಲ್ಲಾರೂ ಹಿಂಗೇ ತಗೊಂಡೋಗ್ತಾರೆ" ಎಂದರು. ನಾನು ತೆಗೆದುಕೊಳ್ಳಲಿಲ್ಲ. ಹೊರಗಿಟ್ಟರೂ ಕೆಡದಂತೆ ತಯಾರಿಸಿದ ಕೆಲವು ಬ್ರ್ಯಾಂಡ್‌ಗಳೂ ಇವೆ, ಆದ್ದರಿಂದ ಪ್ರತಿ ಸಲ ಲೇಬಲ್ ಓದಬೇಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಬೇಸಿಗೆಯಲ್ಲಿ ತರಿಸುವುದು ನನಗೆ ಒಪ್ಪಿಗೆಯಿಲ್ಲ, ಅದು ದಾರಿಯಲ್ಲಿ ಎಲ್ಲೆಲ್ಲಿ ಬಿಸಿಲಲ್ಲಿ ಬಿದ್ದಿರುತ್ತದೋ. ಬೆಲೆ ಕಂಪನಿಯಿಂದ ಕಂಪನಿಗೆ ಬಹಳ ಬದಲಾಗುತ್ತದೆ, ಡಾಕ್ಟರನ್ನೇ ಕೇಳಿ ಕೈಗೆಟಕುವುದನ್ನು ಬರೆಸಿಕೊಳ್ಳುವುದು ಒಳ್ಳೆಯದು.

ಅಡ್ಡಪರಿಣಾಮಗಳು ಬಂದವು. ಮೊದಲ ವಾರಗಳಲ್ಲಿ ಬೆಳಿಗ್ಗೆ ಕಣ್ಣು ಕೆಂಪಗಿರುತ್ತಿತ್ತು, ಕೌಂಟರಿನಲ್ಲಿ ಗ್ರಾಹಕರು "ನಿದ್ದೆ ಇಲ್ವಾ ಮೇಡಂ" ಎಂದು ಕೇಳುತ್ತಿದ್ದರು. ಅದು ತಾನಾಗಿ ಕಡಿಮೆಯಾಯಿತು. ರೆಪ್ಪೆಗೂದಲು ಉದ್ದವಾಗಿ ದಪ್ಪವಾದವು. ಮದುವೆಮನೆಯಲ್ಲಿ ಅತ್ತೆ ಹತ್ತಿರ ಬಂದು ಯಾವ ಕಾಡಿಗೆ ಹಚ್ಚಿದೆಯೆಂದು ಕೇಳಿದರು. ರೆಪ್ಪೆಯ ಚರ್ಮ ಸ್ವಲ್ಪ ಕಪ್ಪಾಗಿದೆ. ಮಲಗುವ ಮುಂಚೆ ಕಣ್ಣಸುತ್ತ ಒರೆಸಿಕೊಳ್ಳುವುದರಿಂದ ಅದು ಹೆಚ್ಚಿಲ್ಲ. ತಿಳಿ ಬಣ್ಣದ ಕಣ್ಣಿದ್ದರೆ ಪಾಪೆಯ ಸುತ್ತಲಿನ ಬಣ್ಣದ ಭಾಗ ಕಂದು ಬಣ್ಣಕ್ಕೆ ತಿರುಗಬಹುದು, ಆ ಬದಲಾವಣೆ ಹಿಂದಕ್ಕೆ ಹೋಗುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮೊದಲು ಅದನ್ನು ತೆಗೆದು, ಹನಿಯಾಗಿ ಹದಿನೈದು ನಿಮಿಷ ಕಾಯಬೇಕು. ಬಾಟಲಿಯಲ್ಲಿರುವ ಸಂರಕ್ಷಕದಿಂದ ನನ್ನ ಕಣ್ಣು ಒಣಗುತ್ತಿತ್ತು, ಡಾಕ್ಟರು ಬೇರೊಂದು ಕೃತಕ ಕಣ್ಣೀರಿನ ಹನಿ ಕೊಟ್ಟ ಮೇಲೆ ನೆಮ್ಮದಿ.

ಆರು ತಿಂಗಳಿಗೊಮ್ಮೆ ಒತ್ತಡ, ವರ್ಷಕ್ಕೊಮ್ಮೆ ಫೀಲ್ಡ್ ಟೆಸ್ಟ್ ಮತ್ತು ಸ್ಕ್ಯಾನ್. ಫೀಲ್ಡ್ ಟೆಸ್ಟ್ ನನಗೆ ಈಗಲೂ ಕಷ್ಟ. ಕತ್ತಲೆ ಕೋಣೆ, ಒಂದು ಕಣ್ಣಿಗೆ ಪಟ್ಟಿ, ಗದ್ದ ಆನಿಸಿ ನಡುವಿನ ದೀಪವನ್ನೇ ನೋಡಬೇಕು. ಸುತ್ತ ಎಲ್ಲೋ ಒಂದು ಚುಕ್ಕೆ ಮಿಣುಕಿದಾಗ ಗುಂಡಿ ಒತ್ತಬೇಕು. ಚುಕ್ಕೆ ಬಂತೋ, ಬಂದ ಹಾಗೆ ಅನ್ನಿಸಿತೋ ಎಂದು ಎದೆ ಹೊಡೆದುಕೊಳ್ಳುತ್ತದೆ. ಅರ್ಧದಷ್ಟು ಚುಕ್ಕೆಗಳು ಯಾರಿಗೂ ಕಾಣದಷ್ಟು ಮಂಕಾಗಿಯೇ ಇರುತ್ತವೆ ಎಂದು ತಂತ್ರಜ್ಞೆ ಹೇಳಿದಾಗ ಸಮಾಧಾನವಾಯಿತು. ಈವರೆಗಿನ ಎಲ್ಲ ಚಿತ್ರಗಳನ್ನೂ ಒಂದೇ ಫೈಲಿನಲ್ಲಿಟ್ಟಿದ್ದೇನೆ. ಬಲಗಣ್ಣಿನ ಕಪ್ಪು ಕಲೆ ಮೊದಲಿದ್ದಷ್ಟೇ ಇದೆ, ಎಡಗಣ್ಣು ಸ್ವಚ್ಛ. ಈ ಔಷಧಿಗೆ ನಾನು ಕೊಡುವ ಅಂಕ ಆ ಫೈಲಿನಿಂದ ಬಂದದ್ದು: ಐದಕ್ಕೆ ನಾಲ್ಕೂವರೆ.

ಎಲ್ಲರಿಗೂ ಇದೇ ಸರಿ ಎನ್ನಲಾರೆ. ಕೆಲವರಿಗೆ ಒತ್ತಡ ಸಾಕಷ್ಟು ಇಳಿಯದೆ ಟಿಮೊಲಾಲ್ ಮುಂತಾದ ಇನ್ನೊಂದು ಹನಿ ಸೇರಿಸುತ್ತಾರೆ. ಟಿಮೊಲಾಲ್ ಆಗಿಬರದಿರಬಹುದಾದ್ದರಿಂದ, ಆಸ್ತಮಾ ಅಥವಾ ನಿಧಾನ ಹೃದಯಬಡಿತ ಇರುವವರು ತಮ್ಮ ಆ ತೊಂದರೆಯನ್ನು ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಕಣ್ಣೊಳಗಿನ ದ್ರವ ಹೊರಹೋಗುವ ದಾರಿಯನ್ನು ಸಲೀಸು ಮಾಡುವ ಎಸ್‌ಎಲ್‌ಟಿ ಎಂಬ ಲೇಸರ್ ಚಿಕಿತ್ಸೆ ಕೂಡ ಇದೆ. ಅದರಿಂದಲೇ ಚಿಕಿತ್ಸೆ ಶುರು ಮಾಡಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಮೂರು ವರ್ಷದ ನಂತರವೂ ಹನಿಯಿಲ್ಲದೆ ಇದ್ದರು ಎಂದು 2019ರಲ್ಲಿ ಬ್ರಿಟನ್ನಿನ ಇನ್ನೊಂದು ಅಧ್ಯಯನ ತೋರಿಸಿತು. ಹನಿ ಹಾಕಿಕೊಳ್ಳಲು ಮನೆಯಲ್ಲಿ ಯಾರೂ ನೆರವಿಲ್ಲದ ಹಿರಿಯರ ವಿಷಯದಲ್ಲಿ ಲೇಸರ್ ಬಗ್ಗೆ ಕೇಳಿ ನೋಡುವುದು ಒಳಿತು.

ಇನ್ನೊಂದು ಮಾತು ಮನೆಯವರ ಬಗ್ಗೆ. ತಂದೆ ತಾಯಿ, ಒಡಹುಟ್ಟಿದವರಲ್ಲಿ ಒಬ್ಬರಿಗೆ ಇದ್ದರೆ ಉಳಿದವರಿಗೂ ಅಪಾಯ ಹೆಚ್ಚು. ಅರಸೀಕೆರೆಯಲ್ಲಿರುವ ತಮ್ಮನಿಗೆ ಹೇಳಿದಾಗ, "ಅಕ್ಕಾ, ನಂಗೆ ಚೆನ್ನಾಗೇ ಕಾಣತ್ತೆ, ಸುಮ್ನೆ ಯಾಕೆ" ಎಂದ. ನನಗೂ ಚೆನ್ನಾಗೇ ಕಾಣುತ್ತಿತ್ತು ಎಂದು ಹೇಳಿ, ರಜಾ ಹಾಕಿಸಿ ಕರೆದುಕೊಂಡು ಹೋದೆ. ಅವನ ಒತ್ತಡ 23 ಬಂತು, ನರ ಇನ್ನೂ ಚೆನ್ನಾಗಿದೆ. ಸದ್ಯಕ್ಕೆ ಹನಿ ಬೇಡ, ಆರು ತಿಂಗಳಿಗೊಮ್ಮೆ ತೋರಿಸಿ ಎಂದಿದ್ದಾರೆ. ನನ್ನ ತಪಾಸಣೆಯ ದಿನವೇ ಅವನಿಗೂ ಟೋಕನ್ ತೆಗೆಸುತ್ತೇನೆ.