ಒಂದೇ ಹುಟ್ಟಿದ ಹೊತ್ತು, ಎರಡು ಜಾತಕ: ಕೊರಿಯಾದ ಸಾಜು ಮತ್ತು ಪಾಶ್ಚಾತ್ಯ ಜ್ಯೋತಿಷ

1990ರ ನವೆಂಬರ್ 13, ಮಧ್ಯಾಹ್ನ 3 ಗಂಟೆ 5 ನಿಮಿಷ, ಹಾಸನ. ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಸೋಲ್ ನಗರದಲ್ಲಿ ಸಾಜು, ಅಂದರೆ ಕೊರಿಯಾದ ಜಾತಕ, ನೋಡುವವರ ಹತ್ತಿರ ಹೋಗಿದ್ದೇನೆ. ಇದೇ ವಿವರ ಕೊಟ್ಟು ಲಂಡನ್ನಿನ ಒಬ್ಬ ಜ್ಯೋತಿಷಿಯಿಂದ ವಿಡಿಯೊ ಕರೆಯಲ್ಲಿ ಪಾಶ್ಚಾತ್ಯ ಕುಂಡಲಿಯನ್ನೂ ಓದಿಸಿದ್ದೇನೆ. ಕೆಲಸಕ್ಕೆಂದು ಸೋಲ್‌ಗೆ ಬಂದ ಮೇಲೆ ಹುಟ್ಟಿದ ಆಸಕ್ತಿ ಇದು. ಊರಲ್ಲಿ ಬರೆಸಿದ ಜಾತಕ ಹೇಗೂ ಇದೆ: ಮೀನ ಲಗ್ನ, ಕನ್ಯಾ ರಾಶಿ. ಅದನ್ನೂ ಪಕ್ಕದಲ್ಲಿಟ್ಟುಕೊಂಡೇ ಎರಡನ್ನೂ ನೋಡಿದೆ.

ನಮ್ಮವರಿಗೆ ಮೊದಲು ಆಶ್ಚರ್ಯವಾಗುವ ವಿಷಯ ಒಂದಿದೆ. ಸಾಜುವಿನಲ್ಲಿ ಗ್ರಹಗಳೇ ಇಲ್ಲ. ಶನಿ ಇಲ್ಲ, ಗುರು ಇಲ್ಲ, ರಾಹು ಕೇತು ಇಲ್ಲ. ಅದು ಪೂರ್ತಿ ಕ್ಯಾಲೆಂಡರಿನ ಲೆಕ್ಕ. ಹುಟ್ಟಿದ ವರ್ಷ, ತಿಂಗಳು, ದಿನ, ಹೊತ್ತು ಎಂಬ ನಾಲ್ಕು ಕಂಬಗಳು. ಒಂದೊಂದು ಕಂಬಕ್ಕೆ ಎರಡು ಅಕ್ಷರ, ಒಟ್ಟು ಎಂಟು. ಮೇಲಿನ ಅಕ್ಷರ ಹತ್ತರಲ್ಲಿ ಒಂದು (ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ಧಾತುಗಳಿಗೆ ಎರಡೆರಡು), ಕೆಳಗಿನದು ಹನ್ನೆರಡು ಪ್ರಾಣಿಗಳಲ್ಲಿ ಒಂದು. ಇವು ಜೋಡಿಯಾಗಿ ತಿರುಗಿದರೆ 60ರ ಒಂದು ಸುತ್ತು. ನಮ್ಮ ಪ್ರಭವ, ವಿಭವ ಸಂವತ್ಸರಗಳೂ 60 ಅಲ್ವಾ? ಆದರೆ ನಾವು ವರ್ಷಗಳಿಗೆ ಮಾತ್ರ ಆ ಸುತ್ತು ಬಳಸುತ್ತೇವೆ. ಅವರು ತಿಂಗಳಿಗೂ ದಿನಕ್ಕೂ ಎರಡು ಗಂಟೆಯ ಹೊತ್ತಿಗೂ ಅದನ್ನೇ ಬಳಸುತ್ತಾರೆ. ಚೀನಾದಲ್ಲಿ ಇದರ ಹೆಸರು ಬಾಝಿ. ಮೂಲವೂ ಅಲ್ಲಿಯದೇ. ಹುಟ್ಟಿದ ದಿನದ ಅಕ್ಷರವನ್ನು ನಡುವೆ ಇಟ್ಟು ಓದುವ ಈಗಿನ ಕ್ರಮಕ್ಕೆ ಚೀನಾದ ಸಾಂಗ್ ರಾಜವಂಶದ ಕಾಲದ ಶೂ ಝಿಪಿಂಗ್ ಹೆಸರು ಅಂಟಿಕೊಂಡಿದೆ.

ಪಾಶ್ಚಾತ್ಯ ಜ್ಯೋತಿಷ ನಮಗೆ ಹೆಚ್ಚು ಪರಿಚಿತ. ಹನ್ನೆರಡು ರಾಶಿ, ಹನ್ನೆರಡು ಮನೆ, ಗ್ರಹಗಳು. ಆದರೆ ಅವರ ರಾಶಿಚಕ್ರ ವಸಂತದಲ್ಲಿ ಹಗಲು ರಾತ್ರಿ ಸಮನಾಗುವ ಬಿಂದುವಿನಿಂದ ಶುರುವಾಗುತ್ತದೆ, ನಮ್ಮದು ನಕ್ಷತ್ರಗಳನ್ನು ಹಿಡಿದು. ಎರಡರ ನಡುವೆ ಈಗ ಸುಮಾರು 24 ಡಿಗ್ರಿ ಅಂತರ. ಹಾಗಾಗಿ ನನ್ನ ಸೂರ್ಯ ಊರಿನ ಜಾತಕದಲ್ಲಿ ತುಲಾ, ಅವರಲ್ಲಿ ವೃಶ್ಚಿಕ. ಸಾಜುವಿನ ತಿಂಗಳೂ ಚಂದ್ರನದ್ದಲ್ಲ, ಸೂರ್ಯನದ್ದೇ. ಅದರ ವರ್ಷ ಫೆಬ್ರವರಿ 4ರ ಆಸುಪಾಸಿನ ಇಪ್ಚುನ್ ದಿನ ಬದಲಾಗುತ್ತದೆ. ಜನವರಿಯಲ್ಲಿ ಹುಟ್ಟಿದವರು ಹಿಂದಿನ ವರ್ಷದ ಪ್ರಾಣಿಗೆ ಸೇರುತ್ತಾರೆ.

ಈಗ ನನ್ನ ಎಂಟು ಅಕ್ಷರ. ವರ್ಷ ಲೋಹದ ಕುದುರೆ, ತಿಂಗಳು ಬೆಂಕಿಯ ಹಂದಿ, ದಿನ ನೀರಿನ ಕುದುರೆ, ಹೊತ್ತು ಮಣ್ಣಿನ ಕೋತಿ. ದಿನದ ಮೇಲಿನ ಅಕ್ಷರವೇ 'ನಾನು'. ಅಂದರೆ ನಾನು ನೀರು, ಅದೂ ಸಮುದ್ರದಂಥ ದೊಡ್ಡ ನೀರು. ಪ್ರಾಣಿಗಳಿಗೂ ತಮ್ಮದೇ ಧಾತು ಇದೆ: ಕುದುರೆ ಬೆಂಕಿ, ಹಂದಿ ನೀರು, ಕೋತಿ ಲೋಹ. ಹಾಗಾಗಿ ಎಂಟರಲ್ಲಿ ಬೆಂಕಿ ಮೂರು, ನೀರು ಎರಡು, ಲೋಹ ಎರಡು, ಮಣ್ಣು ಒಂದು. ಮರ ಇಲ್ಲವೇ ಇಲ್ಲ. ಸೋಲ್‌ನ ಹೊಂಗ್‌ದೆ ಬಡಾವಣೆಯ ಒಂದು ಸಾಜು ಕೆಫೆಯಲ್ಲಿ ಕೂತಿದ್ದ ಮಧ್ಯವಯಸ್ಸಿನ ಹೆಂಗಸು ಕೈ ಇಟ್ಟದ್ದು ಅಲ್ಲಿಗೇ. ನೀರು ಮರವನ್ನು ಬೆಳೆಸುತ್ತದೆ. ನೀರಿನವರಿಗೆ ಮರ ಅಂದರೆ ಒಳಗಿನದು ಹೊರಗೆ ಬರುವ ದಾರಿ: ಮಾತು, ಬರವಣಿಗೆ, ಕೈಕೆಲಸ. "ನಿಮಗೆ ಆ ದಾರಿ ಇಲ್ಲ, ಎಲ್ಲ ಒಳಗೇ ತುಂಬಿಕೊಳ್ಳುತ್ತೀರಿ" ಅಂದರು. ಸೋಲ್‌ನದೇ ಜೊಂಗ್ನೊ ಬಡಾವಣೆಯ ಇನ್ನೊಬ್ಬರು, ವಯಸ್ಸಾದ ಗಂಡಸು, ಅದೇ ಅಕ್ಷರ ನೋಡಿ ತಲೆಯಾಡಿಸಿದರು. ಪ್ರತಿ ಪ್ರಾಣಿಯ ಒಳಗೂ ಅಡಗಿದ ಅಕ್ಷರಗಳಿರುತ್ತವಂತೆ. ಹಂದಿಯ ಒಳಗೆ ಮರ ಇದೆ. "ಇದೆ, ಆದರೆ ಕಾಣುವುದಿಲ್ಲ. ನೀವೇ ತೋಡಿ ತೆಗೆಯಬೇಕು" ಅಂದರು. ಎರಡೂ ಶಾಸ್ತ್ರದ ಒಳಗಿನ ಮಾತೇ. ಆದರೆ ಕೇಳಿಸಿಕೊಂಡವಳಿಗೆ ಎರಡೂ ಒಂದೇ ಅಲ್ಲ.

ಸಾಜುವಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಈ ಸಮತೋಲದ ಲೆಕ್ಕ. ಒಳ್ಳೆಯ ಅಕ್ಷರ, ಕೆಟ್ಟ ಅಕ್ಷರ ಅಂತಿಲ್ಲ. ಯಾವುದು ಜಾಸ್ತಿ, ಯಾವುದು ಕಡಿಮೆ, ಯಾವುದು ಯಾವುದನ್ನು ಒತ್ತುತ್ತಿದೆ ಅಂತ ನೋಡುತ್ತಾರೆ. ಒಂದು ಕಾಗದದಲ್ಲಿ ಎಂಟು ಅಕ್ಷರ ಬರೆದುಕೊಂಡು ನಾವೇ ಕಲಿಯುತ್ತಾ ಹೋಗಬಹುದು. ಪಾಶ್ಚಾತ್ಯ ಕುಂಡಲಿಯಲ್ಲಿ ಹತ್ತು ಗ್ರಹ, ಹನ್ನೆರಡು ಮನೆ, ಅವುಗಳ ನಡುವಿನ ಕೋನಗಳು. ಕಲಿಯುವವರಿಗೆ ಬೇಗ ತಲೆ ಸುತ್ತುತ್ತದೆ.

ಇನ್ನು ಹೊತ್ತಿನ ವಿಷಯ. ನನ್ನ ಪ್ರಕಾರ ಇಡೀ ಹೋಲಿಕೆ ನಿಂತಿರುವುದು ಇಲ್ಲಿ.

ಕೊರಿಯಾದ ಗಡಿಯಾರ 135 ಡಿಗ್ರಿ ರೇಖಾಂಶಕ್ಕೆ ಹೊಂದಿಕೊಂಡಿದೆ. ಸೋಲ್ ಇರುವುದು 127ರಲ್ಲಿ. ಸೂರ್ಯನ ಲೆಕ್ಕಕ್ಕೂ ಗಡಿಯಾರಕ್ಕೂ ಅರ್ಧ ಗಂಟೆ ವ್ಯತ್ಯಾಸ. ಅದಕ್ಕೇ ಬಹಳಷ್ಟು ಸಾಜು ನೋಡುವವರು ಹುಟ್ಟಿದ ಸಮಯದಿಂದ 30 ನಿಮಿಷ ಕಳೆಯುತ್ತಾರೆ, ಕೆಲವರು ಕಳೆಯುವುದಿಲ್ಲ. 1954ರಿಂದ 1961ರವರೆಗೆ ಕೊರಿಯಾದ ಗಡಿಯಾರವೇ ಅರ್ಧ ಗಂಟೆ ಹಿಂದಿತ್ತು. 1987 ಮತ್ತು 1988ರ ಬೇಸಿಗೆಯಲ್ಲಿ ಒಂದು ಗಂಟೆ ಮುಂದೆ ಇಟ್ಟಿದ್ದರು. ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಮ್ಮ ದೇಶದ ಗಡಿಯಾರ 82.5 ಡಿಗ್ರಿಯದ್ದು, ಹಾಸನ ಇರುವುದು 76ರ ಹತ್ತಿರ. ಸುಮಾರು 26 ನಿಮಿಷ ಕಳೆಯಬೇಕು. ಕಳೆದರೆ ನನ್ನ ಹೊತ್ತು 2 ಗಂಟೆ 39 ನಿಮಿಷ. ಅದು ಕೋತಿಯ ಹೊತ್ತಲ್ಲ, 3 ಗಂಟೆಗೆ ಮುಗಿಯುವ ಕುರಿಯ ಹೊತ್ತು.

ಹೊಂಗ್‌ದೆಯ ಹೆಂಗಸು ಏನೂ ಕಳೆಯಲಿಲ್ಲ. ಕುದುರೆಯ ದಿನ ಹುಟ್ಟಿದವರಿಗೆ ಕೋತಿ ಯೊಕ್ಮಾ ನಕ್ಷತ್ರ (ಆಕಾಶದ ನಕ್ಷತ್ರವಲ್ಲ, ಅಕ್ಷರಕ್ಕಿಟ್ಟ ಹೆಸರು ಅಷ್ಟೇ), ಅಂದರೆ ಊರು ಬಿಟ್ಟು ತಿರುಗುವ ಯೋಗ. "ಅದಕ್ಕೇ ಇಷ್ಟು ದೂರ ಬಂದಿದ್ದೀರಿ" ಅಂದರು. ಜೊಂಗ್ನೊದವರು ಸಮಯ ಕಳೆದರು, ಕುರಿ ಬಂತು, ಹೊತ್ತಿನ ಕಂಬದ ಯೊಕ್ಮಾ ಹೋಯಿತು. ಆದರೂ ಅವರು 22ರಿಂದ 32ರವರೆಗಿನ ಹತ್ತು ವರ್ಷದ ದೆಶೆಯಲ್ಲಿ ಕೋತಿಯನ್ನು ತೋರಿಸಿ "ಆಗ ಹೊರಟಿರಬೇಕು" ಅಂದರು. ಹೊರಟದ್ದೂ ಆ ವಯಸ್ಸಿನಲ್ಲೇ. ಆದರೆ ಎದುರಿಗೆ ಕೂತವಳು ಪರದೇಶದವಳು ಅಂತ ಇಬ್ಬರಿಗೂ ಮುಖ ನೋಡಿದಾಗಲೇ ಗೊತ್ತಿತ್ತು. ಹುಡುಕಬೇಕಾದ್ದು ಏನು ಅಂತ ಗೊತ್ತಿದ್ದಾಗ ಎಂಟು ಅಕ್ಷರದಲ್ಲಿ ಅದು ಎಲ್ಲಾದರೂ ಸಿಗುತ್ತದೆ.

ಪಾಶ್ಚಾತ್ಯ ಜ್ಯೋತಿಷದಲ್ಲಿ ಈ ಜಗಳ ಇಲ್ಲ. ಊರಿನ ಹೆಸರು ಕೊಟ್ಟರೆ ರೇಖಾಂಶ, ಗಡಿಯಾರ ಎಲ್ಲವನ್ನೂ ತಂತ್ರಾಂಶವೇ ನೋಡಿಕೊಳ್ಳುತ್ತದೆ. ಯಾರು ಹಾಕಿದರೂ ಗ್ರಹ ಅದೇ, ಲಗ್ನ ಅದೇ. ಆದರೆ ನಿಮಿಷದ ಪೆಟ್ಟು ಅಲ್ಲೂ ಇದೆ. ಅವರ ಲೆಕ್ಕದಲ್ಲಿ ನನ್ನ ಲಗ್ನ ಮೇಷದ ಮೊದಲ ಎರಡು ಮೂರು ಡಿಗ್ರಿಯಲ್ಲಿದೆ. ಹತ್ತು ನಿಮಿಷ ಮೊದಲು ಹುಟ್ಟಿದ್ದರೆ ಮೀನ ಆಗುತ್ತಿತ್ತು. ಒಂದು ರಾಶಿಗೆ ಒಂದು ಮನೆ ಅಂತ ಎಣಿಸುವ ಪದ್ಧತಿಯಲ್ಲಿ ನನ್ನ ಸೂರ್ಯ ಈಗ ಎಂಟನೇ ಮನೆಯಲ್ಲಿದ್ದಾನೆ: ಸಾವು, ಗುಟ್ಟು, ಬೇರೆಯವರ ದುಡ್ಡು. ಲಗ್ನ ಮೀನವಾದರೆ ಒಂಬತ್ತನೇ ಮನೆ: ದೂರದ ದೇಶ, ಓದು. ಆಸ್ಪತ್ರೆಯ ಗೋಡೆ ಗಡಿಯಾರ ಹತ್ತು ನಿಮಿಷ ಮುಂದಿದ್ದಿದ್ದರೆ? ಯಾರಿಗೆ ಗೊತ್ತು. ಊರಿನ ಜಾತಕದ ಮೀನ ಲಗ್ನ ಮಾತ್ರ ಹತ್ತು ನಿಮಿಷಕ್ಕೆಲ್ಲ ಕದಲುವುದಿಲ್ಲ, ಅದು ರಾಶಿಯ ಅಂಚಿನಿಂದ ಒಳಗಿದೆ.

ಓದುವ ರೀತಿಯಲ್ಲೂ ತುಂಬಾ ವ್ಯತ್ಯಾಸ. ಲಂಡನ್ನಿನವರು ಒಂದು ಗಂಟೆಗೂ ಮೇಲೆ ಮಾತಾಡಿದರು. ಸೂರ್ಯನ ಪಕ್ಕದಲ್ಲೇ ಪ್ಲೂಟೊ ಇದ್ದಾನೆ, ಯಾರ ಕೈಯಲ್ಲಿ ಹಿಡಿತ ಇದೆ ಅನ್ನುವುದು ನಿಮಗೆ ಮುಖ್ಯವೇ ಅಂತ ಕೇಳಿದರು. ಉತ್ತರಕ್ಕೆ ಕಾದರು. ನಾನು ಯಾರಿಗೂ ಹೇಳದ ಕೆಲವು ವಿಷಯ ಅಲ್ಲಿ ಹೇಳಿದೆ. 2020ರ ಶುರುವಿನಲ್ಲಿ ಶನಿ ಹುಟ್ಟಿದಾಗಿನ ಜಾಗಕ್ಕೆ ಮರಳಿತ್ತು, ಆಗ ಬದುಕು ಗಂಭೀರವಾಗಿರಬೇಕು ಅಂದರು. ಹೌದು, ಆಗಿತ್ತು. ಆದರೆ ಶನಿಯ ಸುತ್ತು 29 ವರ್ಷ ಚಿಲ್ಲರೆ. ನನ್ನ ವಯಸ್ಸಿನ ಎಲ್ಲರಿಗೂ ಅದು ಆಗಲೇ ಬಂದಿತ್ತು, ಜೊತೆಗೆ ಕೊರೊನಾ ಕೂಡ.

ಸಾಜು ಇಪ್ಪತ್ತು ನಿಮಿಷದ ಮಾತು. ಬೆಲೆ 30,000 ವಾನ್. ಲಂಡನ್ನಿನದಕ್ಕೆ ಅದರ ಎಷ್ಟೋ ಪಟ್ಟು ಕೊಟ್ಟೆ. ಸಾಜುವಿನಲ್ಲಿ ಪ್ರಶ್ನೆ ಕೇಳುವುದಿಲ್ಲ, ಹೇಳುತ್ತಾರೆ. ಈ ಹತ್ತು ವರ್ಷ ಸ್ವಂತ ವ್ಯಾಪಾರ ಬೇಡ. 42ರ ನಂತರ ನೋಡಿ. ಹೊಟ್ಟೆ ಜೋಪಾನ. ನೇರ ಮಾತು ಇಷ್ಟಪಡುವವರಿಗೆ ಇದೇ ಸರಿ.

ಆದರೆ ಹೆಣ್ಣಾಗಿ ನನಗೆ ಸಾಜು ಒಂದು ಕಡೆ ಚುಚ್ಚಿತು. ಹತ್ತು ವರ್ಷದ ದೆಶೆಗಳು ಮುಂದಕ್ಕೆ ಹೋಗುತ್ತವೋ ಹಿಂದಕ್ಕೋ ಅನ್ನುವುದು ಗಂಡೋ ಹೆಣ್ಣೋ ಅನ್ನುವುದರ ಮೇಲಿದೆ. ಅದೇ ನಿಮಿಷ ನನ್ನ ಜೊತೆ ಒಬ್ಬ ಅಣ್ಣ ಹುಟ್ಟಿದ್ದರೆ ಅವನ ದೆಶೆ ಎಂಟನೇ ವಯಸ್ಸಿಗೆ ಶುರುವಾಗಿ ಮುಂದಕ್ಕೆ ನಡೆಯುತ್ತಿತ್ತು. ನನ್ನದು ಎರಡನೇ ವಯಸ್ಸಿಗೆ ಶುರುವಾಗಿ ಹಿಂದಕ್ಕೆ ನಡೆಯುತ್ತದೆ. ಹೆಣ್ಣಿಗೆ ಗಂಡನ ನಕ್ಷತ್ರ ಅಂದರೆ ಅವಳನ್ನು ಒತ್ತುವ ಅಕ್ಷರ. ಗಂಡಿಗೆ ಹೆಂಡತಿಯ ನಕ್ಷತ್ರ ಅಂದರೆ ಅವನು ಹಿಡಿತದಲ್ಲಿಡುವ ಅಕ್ಷರ, ಅದೇ ಅವನ ದುಡ್ಡೂ ಹೌದು. ಪಾಶ್ಚಾತ್ಯ ಕುಂಡಲಿಯಲ್ಲಿ ಗಂಡು ಹೆಣ್ಣು ಅಂತ ಬರೆಯುವ ಜಾಗವೇ ಬೇಕಿಲ್ಲ.

ಇದು ಶಾಸ್ತ್ರದ ಒಳಗೇ ಉಳಿದಿದ್ದರೆ ಸುಮ್ನೆ ಬಿಡಬಹುದಿತ್ತು. ಲೋಹದ ಬಣ್ಣ ಬಿಳಿ, ಹಾಗಾಗಿ ನಾನು ಹುಟ್ಟಿದ 1990 ಬಿಳಿ ಕುದುರೆಯ ವರ್ಷ. ಆ ವರ್ಷದ ಹೆಣ್ಣು ಹಟಮಾರಿ, ಅವಳಿಗೆ ಬಾಳು ನೆಟ್ಟಗಿರುವುದಿಲ್ಲ ಅನ್ನುವ ನಂಬಿಕೆ ಕೊರಿಯಾದಲ್ಲಿತ್ತು. ಗಂಡುಮಕ್ಕಳ ಆಸೆ, ಭ್ರೂಣದ ಸ್ಕ್ಯಾನಿಂಗ್ ಜೊತೆಗೆ ಇದೂ ಸೇರಿತು. ಆ ವರ್ಷ ಕೊರಿಯಾದಲ್ಲಿ 100 ಹೆಣ್ಣುಮಕ್ಕಳಿಗೆ 116.5 ಗಂಡುಮಕ್ಕಳು ಹುಟ್ಟಿದರು. ಜಪಾನಿನಲ್ಲಿ 1966 ಬೆಂಕಿ ಕುದುರೆಯ ವರ್ಷ. ಆ ವರ್ಷದ ಹೆಣ್ಣು ಗಂಡನನ್ನು ತಿನ್ನುತ್ತಾಳೆ ಎಂಬ ಭಯಕ್ಕೆ ಹುಟ್ಟಿದ ಮಕ್ಕಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಕಾಲು ಭಾಗ ಕಡಿಮೆಯಾಯಿತು. ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗುವುದಿಲ್ಲ ಅಂತ ಸಂಬಂಧ ಮುರಿದುಬಿದ್ದದ್ದನ್ನು ಊರಲ್ಲಿ ಕಂಡವಳಿಗೆ ಇದು ಬರೀ ಪರದೇಶದ ಸುದ್ದಿ ಅನಿಸಲಿಲ್ಲ.

ಎಲ್ಲವೂ ಹಾಗೇ ಉಳಿದಿದೆ ಅಂತಲೂ ಅಲ್ಲ. ದೊಹ್ವಾ ಎಂಬ ನಕ್ಷತ್ರ ಮೊದಲು ಹೆಣ್ಣಿಗೆ ಕಳಂಕ. ಈಗ ಅದು ಜನರನ್ನು ಸೆಳೆಯುವ ಶಕ್ತಿ, ನಟಿಯರಿಗೆ ಬೇಕಾದದ್ದು. ಯೊಕ್ಮಾ ಕೂಡ ಒಂದು ಕಾಲಕ್ಕೆ ಅಲೆಮಾರಿಯ ಶಾಪ, ಈಗ ವಿದೇಶದ ಕೆಲಸದ ಯೋಗ. ಜೊಂಗ್ನೊದವರು ಮದುವೆಯ ಮಾತನ್ನು ನಾನು ಕೇಳುವವರೆಗೂ ಎತ್ತಲಿಲ್ಲ.

ನಿಜವಾಗುತ್ತದೆಯೇ ಅಂತ ಕೇಳಿದರೆ, ಭವಿಷ್ಯ ಹೇಳುವ ವಿಷಯದಲ್ಲಿ ನಾನು ಎರಡನ್ನೂ ನಂಬುವುದಿಲ್ಲ. 1985ರಲ್ಲಿ ನೇಚರ್ ಪತ್ರಿಕೆಯಲ್ಲಿ ಶಾನ್ ಕಾರ್ಲ್‌ಸನ್ ಅವರ ಪರೀಕ್ಷೆಯೊಂದು ಬಂತು. ಒಂದು ಕುಂಡಲಿಗೆ ಮೂರು ವ್ಯಕ್ತಿಗಳ ಸ್ವಭಾವದ ವಿವರ ಕೊಟ್ಟು ಹೊಂದಿಸಲು ಜ್ಯೋತಿಷಿಗಳಿಗೆ ಹೇಳಿದ್ದರು. ಕಣ್ಣು ಮುಚ್ಚಿ ಆರಿಸಿದರೆ ಎಷ್ಟು ಸರಿ ಬರುತ್ತದೋ ಅಷ್ಟೇ ಬಂತು. ನಾನೂ ನನ್ನ ಮತ್ತು ಸಹೋದ್ಯೋಗಿಯ ಫಲಗಳನ್ನು ಹೆಸರು ತೆಗೆದು ಇಬ್ಬರನ್ನೂ ಬಲ್ಲ ಗೆಳತಿಗೆ ಕೊಟ್ಟೆ. ಪಾಶ್ಚಾತ್ಯ ಓದಿನಲ್ಲಿ ಅದಲುಬದಲು ಮಾಡಿದಳು. ಸಾಜುವಿನಲ್ಲಿ ಸರಿಯಾಗಿ ಹೇಳಿದಳು, ಆದರೆ ಅದರಲ್ಲಿ 'ದೂರದ ದೇಶ' ಅಂತ ಇತ್ತು. ಆ ಸಾಲು ಅಡ್ಡಹಾಕಿ ಕೊಟ್ಟಿದ್ದರೆ ಏನಾಗುತ್ತಿತ್ತೋ.

ಆದರೂ ಎರಡರಲ್ಲಿ ಒಂದು ಆರಿಸು ಅಂದರೆ ನನ್ನ ಉತ್ತರ ಸ್ಪಷ್ಟ. ಮನಸ್ಸಿನಲ್ಲಿ ಗಂಟು ಬಿದ್ದಿದೆ, ಯಾರ ಹತ್ತಿರವಾದರೂ ಮಾತಾಡಬೇಕು ಅಂದರೆ ಪಾಶ್ಚಾತ್ಯ ಓದು. ಕಲಿಯುವ ಖುಷಿಗೆ, ಕೊರಿಯಾದ ಜನರ ಮಾತು ಅರ್ಥ ಮಾಡಿಕೊಳ್ಳಲು ಸಾಜು. ಇಲ್ಲಿ ಮದುವೆಗೆ ಜೋಡಿ ನೋಡುವುದು, ಮಗುವಿಗೆ ಹೆಸರಿಡುವುದು, ಮನೆ ಬದಲಿಸುವ ದಿನ ಎಲ್ಲದರಲ್ಲೂ ಅದು ಬರುತ್ತದೆ. ಮದುವೆ, ದುಡ್ಡು, ಆಪರೇಷನ್ನಿನ ತೀರ್ಮಾನಕ್ಕೆ ಮಾತ್ರ ಎರಡೂ ಬೇಡ.

2026 ಮತ್ತೆ ಅದೇ ಬೆಂಕಿ ಕುದುರೆಯ ವರ್ಷ. ಸೋಲ್‌ಗೆ ಬಂದು ಸಾಜು ನೋಡಿಸುವ ಆಸೆ ಇದ್ದರೆ ಹುಟ್ಟಿದ ಊರಿನ ರೇಖಾಂಶ ಬರೆದುಕೊಂಡು ಹೋಗಿ. ಕೂತ ತಕ್ಷಣ "ಸಮಯ ಕಳೆಯುತ್ತೀರಾ, ಎಷ್ಟು?" ಅಂತ ಕೇಳಿ. ಇಲ್ಲಿನ ಗಂಟೆಗೆ ಬದಲಿಸಬೇಡಿ, ಊರಿನ ಗಡಿಯಾರದ ಸಮಯವನ್ನೇ ಕೊಡಿ. ಎರಡು ಹೊತ್ತಿನ ಅಂಚಿನಲ್ಲಿ ಹುಟ್ಟಿದ್ದರೆ ಎರಡನ್ನೂ ಹಾಕಿಸಿ ನೋಡಿ. ಅದಕ್ಕೆ ಬೇಸರ ಮಾಡಿಕೊಳ್ಳುವವರ ಹತ್ತಿರ ಕೂರಬೇಡಿ.