ಧ್ವನಿಲಿಪಿ ಇರುವ ಪ್ರಬಂಧಕ್ಕೆ ಹಾಸನದ ಒಂದು ಡಿಟಿಪಿ ಅಂಗಡಿ

ಧ್ವನಿಲಿಪಿ, ಅಂದರೆ ಉಚ್ಚಾರಣೆಯನ್ನು ಇದ್ದಂತೆಯೇ ತೋರಿಸುವ ಸಂಕೇತಗಳು, ಎಂದ ಕೂಡಲೇ ಡಿಟಿಪಿಯವರು ‘ಆಮೇಲೆ ಬನ್ನಿ’ ಅನ್ನುವುದೇ ಹೆಚ್ಚು. ಬಿ.ಎಂ. ರಸ್ತೆಯ ಪಕ್ಕದ ಓಣಿಯಲ್ಲಿರುವ ಈ ಪುಟ್ಟ ಅಂಗಡಿಯವರಿಗೆ ಮಾತ್ರ ಕೈ ಪಳಗಿದೆ.

ಫೈಲು ಹಳೆಯ ನುಡಿ ತಂತ್ರಾಂಶದಲ್ಲಿದೆಯೋ, ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿರುವ ಯೂನಿಕೋಡಿನಲ್ಲೋ ಎಂದು ಮೊದಲೇ ಕೇಳುತ್ತಾರೆ. ಕೇಳಲೇಬೇಕು. ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಕೂತಿರುವುದು ಇಂಗ್ಲಿಷಿನ ಜಾಗದಲ್ಲಿ. ಇಡೀ ಫೈಲನ್ನು ಒಟ್ಟಿಗೇ ಯೂನಿಕೋಡಿಗೆ ಪರಿವರ್ತಿಸಿದರೆ ನಡುವಿನ ಇಂಗ್ಲಿಷೂ ಧ್ವನಿಲಿಪಿಯೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಇವರು ಕನ್ನಡದ ಭಾಗವನ್ನಷ್ಟೇ ಪರಿವರ್ತಿಸಿ, ಧ್ವನಿಲಿಪಿಗೆ ಬೇರೆ ಕ್ಯಾರೆಕ್ಟರ್ ಸ್ಟೈಲ್ (ಆಯ್ದ ಅಕ್ಷರಗಳಿಗಷ್ಟೇ ಅನ್ವಯಿಸುವ ವಿನ್ಯಾಸ) ಮಾಡಿ, ಆ ಸಂಕೇತಗಳಿರುವ ಚಾರಿಸ್ ಎಸ್‌ಐಎಲ್ ಫಾಂಟು ಹಾಕುತ್ತಾರೆ. ಇಂಥದೇ ಇನ್ನೊಂದು ಫಾಂಟು ಡೌಲೋಸ್ ಎಸ್‌ಐಎಲ್ ಕೂಡ ಉಚಿತವೇ. ಅದರಲ್ಲಿ ಬೋಲ್ಡ್ ಇಲ್ಲ. ವರ್ಡ್ ತಾನಾಗಿ ದಪ್ಪ ಮಾಡಿದರೆ ಶೀರ್ಷಿಕೆಯ ಸಂಕೇತಗಳ ಒಳಗಿನ ಬಿಳುಪು ಮುಚ್ಚಿಹೋಗುತ್ತದೆ.

ವರ್ಡ್‌ನಲ್ಲಿ 0288 ಹೊಡೆದು ಆಲ್ಟ್-ಎಕ್ಸ್ ಒತ್ತಿದರೆ ಮೂರ್ಧನ್ಯ (ನಾಲಿಗೆ ಮಡಿಚಿ ಉಚ್ಚರಿಸುವ) ‘ಟ’ದ ಸಂಕೇತ, 0256ಕ್ಕೆ ‘ಡ’, 0273ಕ್ಕೆ ‘ಣ’. ಸಂಖ್ಯೆಯ ಎಡಕ್ಕೇ ಇಂಗ್ಲಿಷಿನ ಎ-ಯಿಂದ ಎಫ್‌ವರೆಗಿನ ಅಕ್ಷರ ಅಂಟಿಕೊಂಡಿದ್ದರೆ ಅದನ್ನೂ ಸಂಕೇತಸಂಖ್ಯೆಗೆ ಸೇರಿಸಿಕೊಂಡು ಬೇರೇನೋ ಬರುತ್ತದೆ. ನಾಲ್ಕೂ ಅಂಕಿಗಳನ್ನು ಸೆಲೆಕ್ಟ್ ಮಾಡಿಯೇ ಒತ್ತಬೇಕು. ದೀರ್ಘಸ್ವರದ ಗುರುತು ಎರಡು ಚುಕ್ಕಿಯ ಕೋಲನ್ ಅಲ್ಲ, ಎದುರುಬದುರಾದ ಎರಡು ಪುಟ್ಟ ತ್ರಿಕೋನ. ಅದನ್ನು ಸರಿಪಡಿಸಲು ಫೈಂಡ್-ರಿಪ್ಲೇಸ್ ಮಾಡುವಾಗ ಆ ಸ್ಟೈಲಿನೊಳಗೆ ಮಾತ್ರ ಹುಡುಕುತ್ತಾರೆ, ಇಲ್ಲದಿದ್ದರೆ ‘ಉದಾ:’ಗೂ ತ್ರಿಕೋನ ಬೀಳುತ್ತದೆ. ಬೇರೆ ಕಡೆ ಇಷ್ಟು ನಿಗಾ ಸಿಗುವುದು ಅಪರೂಪ.

ಎಡವುವುದು ಸಾಲಿನ ಅಂತರದಲ್ಲಿ. ಪುಟ ಉಳಿಸಲು ‘ಎಕ್ಸಾಕ್ಟ್ಲಿ’ ಇಡುತ್ತಾರೆ, ಅಂದರೆ ಸಾಲಿನ ಎತ್ತರ ಹಿಗ್ಗುವುದೇ ಇಲ್ಲ. ಆಗ ಅನುನಾಸಿಕದ ಮೇಲಿನ ಅಲೆಗೆರೆ, ದಂತ್ಯದ ಕೆಳಗಿನ ಕೊಂಡಿ ಕತ್ತರಿಸಿಹೋಗುತ್ತವೆ. ಅಗತ್ಯವಿದ್ದಲ್ಲಿ ಹಿಗ್ಗುವ ‘ಅಟ್ ಲೀಸ್ಟ್’ ಇಡಿ ಎಂದು ನೀವೇ ಹೇಳಬೇಕು.

ಮುದ್ರಣ 600 ಡಿಪಿಐ ಲೇಸರ್, ಚೊಕ್ಕಟವಾಗಿದೆ. ಆದರೆ ಜೆರಾಕ್ಸ್ ಪ್ರತಿಗಳನ್ನು ಟೋನರ್ ಉಳಿಸುವ ಮೋಡಿನಲ್ಲಿ ತೆಗೆಯುತ್ತಾರೆ. 9 ಪಾಯಿಂಟಿನ ಅಡಿಟಿಪ್ಪಣಿಯಲ್ಲಿ ಧ್ವನಿಲಿಪಿಯ ‘ಳ’ ಸಂಕೇತದ ಬಾಲ ಮಾಯವಾಗಿ ‘ಮಳೆ’ ‘ಮಲೆ’ಯಾಗಿರುತ್ತದೆ. ಮಲೆನಾಡಿನ ಮಾತಿನ ಮೇಲಿನ ಪ್ರಬಂಧದಲ್ಲಿ ಇದು ನಗುವ ವಿಷಯವಲ್ಲ. ಎಲ್ಲ ಪ್ರತಿಯನ್ನೂ ನೇರವಾಗಿ ಪಿಡಿಎಫ್‌ನಿಂದಲೇ ತೆಗೆಸಿ, ದುಡ್ಡು ಸ್ವಲ್ಪ ಹೆಚ್ಚಾದರೂ ಸರಿ.

ಕರಡನ್ನು ಕಾಗದದ ಮೇಲೆಯೇ ಕೊಡುತ್ತಾರೆ, ಅದೊಂದು ದೊಡ್ಡ ಸಮಾಧಾನ. ವ್ಯಂಜನಗಳ ಕೋಷ್ಟಕದ ಮೊದಲ ಕಾಲಂ ಬೈಂಡಿಂಗಿನೊಳಗೆ ಸೇರಿಹೋಗುತ್ತದೆ. ಎಡ ಅಂಚು ಒಂದೂವರೆ ಇಂಚು ಬಿಡಿಸಿ. ಐದಕ್ಕೆ ನಾಲ್ಕು ಕೊಡಬಹುದು. ಪ್ರಬಂಧ ಒಪ್ಪಿಸುವ ವಾರದಲ್ಲಿ ಮಾತ್ರ ಹೋಗಬೇಡಿ, ಕರಡು ತಿದ್ದಲು ಅವರಿಗೆ ಪುರುಸೊತ್ತೇ ಇರುವುದಿಲ್ಲ.